ಮಂಗಳವೇಢೆಯ ಕಣಜ

ಎಳ್ಳಮಾವಾಸ್ಯೆ ಕಳೆದ ಎರಡನೆಯ ವಾರ. ಜತ್ತದಿಂದ ಮಂಗಳವೇಢೆಗೆ ಹೋಗುವ ಎಸ್.ಟಿ. ಬಸ್ಸಿನ ಕಿಟಕಿಯ ಬದಿಗೆ ಮೊಮ್ಮಗಳು ಕುಳಿತಿದ್ದಳು, ಪಕ್ಕದಲ್ಲಿ ನಾನು. ಈ ದಿನಗಳಲ್ಲಿ ನಮ್ಮ ಸೀಮೆಯ ದಾರಿಗಳ ಎರಡೂ ಬದಿಗೆ ಜೋಳವಲ್ಲದೆ ಬೇರೊಂದು ಬೆಳೆ ಕಾಣುವುದು ಅಪರೂಪ. ಮಳೆ ನಿಂತು ತಿಂಗಳುಗಳೇ ಆಗಿರುತ್ತವೆ. ಆದರೂ ಎರೆಭೂಮಿ ತನ್ನ ಒಡಲಲ್ಲಿ ಹಿಡಿದಿಟ್ಟ ತೇವವೊಂದನ್ನೇ ನಂಬಿ ಮಾಲದಂಡಿ ಜೋಳ ಆಳೆತ್ತರ ಬೆಳೆದು, ತೆನೆ ಬಾಗಿಸಿ ನಿಂತಿರುತ್ತದೆ. ಹಾಲುಗಾಳಿನ ಕಾಲವದು. ಎಲ್ಲಿಯೋ ಒಂದು ಹೊಲದಲ್ಲಿ ಸೀತನಿ ಸುಡುತ್ತಿದ್ದ ಹೊಗೆ ಬಸ್ಸಿನೊಳಗೂ ನುಗ್ಗಿ ಬಂದು, ಹಿಂದಿನ ಆಸನದ ಹಿರಿಯರೊಬ್ಬರು ಕಣ್ಣು ಮುಚ್ಚಿಯೇ ಮೂಗರಳಿಸಿದರು.

ಈ ತಳಿಯ ಊರು ದೂರದ್ದೇನಲ್ಲ. ಇದೇ ಸೋಲಾಪುರ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದದ್ದು ಮಾಲದಂಡಿ 35-1. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಆ ಜೋಳ ಬೆಳೆಯುವ ಊರನ್ನು ನೋಡಬೇಕೆಂಬುದು ಮೊಮ್ಮಗಳ ಹಟವೇನೂ ಆಗಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದು ನಿಬಂಧ. ಕನ್ನಡ ಶಾಲೆಯ ಏಳನೆಯ ಇಯತ್ತೆಯಲ್ಲಿ ಓದುವ ಅವಳಿಗೆ ಗುರುಗಳು 'ಅನ್ನ ವ್ಯರ್ಥವಾಗದಿರಲಿ' ಎಂಬ ವಿಷಯ ಕೊಟ್ಟಿದ್ದರು. ದಾಮಾಜಿ ಪಂತರ ಊರನ್ನು ಕಂಡುಬಂದರೆ ಬರೆಯಲು ಏನಾದರೂ ಸಿಕ್ಕೀತೆಂದು ನಾನೇ ಹೊರಡಿಸಿದ್ದೆ. ನಿವೃತ್ತ ಶಿಕ್ಷಕನಿಗೆ ಮೊಮ್ಮಕ್ಕಳ ನಿಬಂಧವೆಂದರೆ ತನ್ನದೇ ಪರೀಕ್ಷೆ.

ಬಸ್ಸಿನಲ್ಲಿ ಅವಳ ವಹಿ ತೆಗೆದು ನೋಡಿದೆ. ಮೊದಲ ವಾಕ್ಯ ಹೀಗಿತ್ತು: "ನಾವು ಉಂಡು ಉಳಿದ ಅನ್ನವನ್ನು ಚೆಲ್ಲದೆ ಬಡವರಿಗೆ ಕೊಡಬೇಕು." ಅಕ್ಷರ ದುಂಡಾಗಿತ್ತು, ಕಾಗುಣಿತದಲ್ಲಿ ತಪ್ಪಿರಲಿಲ್ಲ. ಮೂವತ್ತು ವರ್ಷ ಇಂಥ ವಾಕ್ಯಗಳ ಕೆಳಗೆ 'ಉತ್ತಮ' ಎಂದು ಕೆಂಪು ಮಸಿಯಲ್ಲಿ ಬರೆದವನು ನಾನು. ಆ ದಿನ ಮಾತ್ರ ಆ ವಾಕ್ಯ ಗಂಟಲಲ್ಲಿ ಸಿಕ್ಕ ಮುಳ್ಳಿನಂತಾಯಿತು. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಮಂಗಳವೇಢೆ ಇಂದು ತಾಲೂಕಿನ ಪೇಟೆ. ಬಸ್ ನಿಲ್ದಾಣ, ಜೋಳದ ಅಡತಿ ಅಂಗಡಿಗಳು, ಶೇಂಗಾ ಚಟ್ನಿ ಮಾರುವವರು, ಪಂಢರಪುರಕ್ಕೆ ಹೋಗುವ ವಾರಕರಿಗಳು. ತಾಲೂಕಿನ ದಕ್ಷಿಣದ ಕಡೆ, ಹುಲಜಂತಿಯಂಥ ಊರುಗಳಲ್ಲಿ, ಮನೆಮಾತು ಕನ್ನಡವೇ. ಪೇಟೆಯಲ್ಲಿ ಎರಡೂ ನುಡಿಗಳು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಆದರೆ ಈ ಊರಿನ ಹಳಮೆ ಇದಕ್ಕಿಂತ ದೊಡ್ಡದು. ಕಲಚುರಿ ಬಿಜ್ಜಳನು ಕಲ್ಯಾಣವನ್ನು ತನ್ನದಾಗಿಸಿಕೊಳ್ಳುವ ಮೊದಲು ಆಳುತ್ತಿದ್ದುದು ಇಲ್ಲಿಂದಲೇ. ಕೂಡಲಸಂಗಮದಿಂದ ಬಂದ ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆಯಲು ಕುಳಿತದ್ದು ಈ ಮಂಗಳವಾಡದ ಭಂಡಾರದಲ್ಲಿ. ಅದಾಗಿ ಮುನ್ನೂರು ವರ್ಷಗಳ ಮೇಲೆ, ಬೀದರಿನ ಬಹಮನಿ ಸುಲ್ತಾನರ ಅಧಿಕಾರಿಯಾಗಿ ದಾಮಾಜಿ ಪಂತರು ಇದೇ ಊರಿನ ಧಾನ್ಯದ ಕಣಜಗಳ ಕೀಲಿ ಹಿಡಿದಿದ್ದರು. ಒಂದೇ ಊರು, ಒಬ್ಬರು ಹೊನ್ನಿನ ಲೆಕ್ಕದವರು, ಮತ್ತೊಬ್ಬರು ಕಾಳಿನ ಲೆಕ್ಕದವರು.

ದಾಮಾಜಿಯ ಕಥೆ ನಮ್ಮ ಭಾಗದ ಮಕ್ಕಳಿಗೆ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಗೊತ್ತು. 1460ರ ಸುಮಾರಿಗೆ ದಖ್ಖನವನ್ನೆಲ್ಲ ಸುಟ್ಟ ಬರಕ್ಕೆ 'ದಾಮಾಜಿ ಪಂತರ ಬರ' ಎಂಬ ಹೆಸರೇ ಉಳಿದಿದೆ. ಪಂತರ ಮನೆಗೆ ಪಂಢರಪುರದ ಬ್ರಾಹ್ಮಣನೊಬ್ಬ ಬಂದನಂತೆ. ಎಲೆಯ ಮೇಲೆ ಅನ್ನ ಬಿದ್ದಾಗ ಕೈ ಹಾಕದೆ ಅಳತೊಡಗಿದನಂತೆ. ಮನೆಯಲ್ಲಿ ಮಕ್ಕಳು ಉಪವಾಸವಿರುವಾಗ ತುತ್ತು ಹೇಗೆ ಇಳಿದೀತೆಂದನಂತೆ. ಪಂತರು ಸರಕಾರದ ಕಣಜಗಳ ಬಾಯಿ ತೆರೆಯಿಸಿದರು. ಸುದ್ದಿ ಬೀದರಿಗೆ ಮುಟ್ಟಿತು. ಅವರನ್ನು ಹಿಡಿದು ತರಲು ಆಜ್ಞೆಯಾಯಿತು. ಅವರು ದಾರಿಯಲ್ಲಿರುವಾಗಲೇ ವಿಠೋಬನು 'ವಿಠೂ ಮಹಾರ'ನ ವೇಷದಲ್ಲಿ ಸುಲ್ತಾನನ ಮುಂದೆ ನಿಂತು, ಕಾಳಿನ ಬೆಲೆಯನ್ನೆಲ್ಲ ಎಣಿಸಿ, ಪಾವತಿ ಪಡೆದು ಹೋದನೆಂಬುದು ಕಥೆ.

ಗುಡಿಯ ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳಿ ಮುಗಿಸಿದಾಗ ಮೊಮ್ಮಗಳು ಕೇಳಿದ್ದು ದೇವರ ಬಗೆಗಲ್ಲ. "ಅಜ್ಜಾ, ಕಣಜ ಅಂದ್ರ ಹೆಂಗಿರತಿತ್ತು?" ಎಂದಳು. ನನಗೆ ಸಂತೋಷವಾಯಿತು. ಹಗೇವನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ನಮ್ಮದು. ಅಂಗಳದಲ್ಲಿಯೋ ಅಗಸೆಯ ಒಳಬದಿಗೋ ಆಳು ಇಳಿಯುವಷ್ಟು ಬಾಯಿ, ಒಳಗೆ ಹೊಟ್ಟೆ ಬಿಟ್ಟ ಗಡಿಗೆಯಂಥ ಹಳ್ಳ. ಗೋಡೆಗೆ ಒಣಹುಲ್ಲು ಹೊಂದಿಸಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡದು. ಮರಾಠಿಯವರು 'ಪೇವ' ಅನ್ನುತ್ತಾರೆ. ತೆರೆದ ಕೂಡಲೆ ಒಳಗೆ ಇಳಿಯಬಾರದು. ಕಾಳು ಉಸಿರಾಡಿ ಉಸಿರಾಡಿ ಒಳಗಿನ ಗಾಳಿಯ ಪ್ರಾಣವನ್ನೆಲ್ಲ ತಿಂದಿರುತ್ತದೆ. ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಬಿಡಬೇಕು. ದೀಪ ಆರಿದರೆ ಆ ದಿನ ಬಾಯಿ ತೆರೆದಿಟ್ಟು ಕಾಯಬೇಕು. ಅವಸರ ಮಾಡಿ ಇಳಿದು ಮೇಲೆ ಬಾರದವರ ಕಥೆಗಳು ಪ್ರತಿ ಊರಿನಲ್ಲಿಯೂ ಇದ್ದವು.

ಹಗೇವಿನಿಂದ ಜೋಳ ತೆಗೆದು ಕೊಡುವುದೆಂದರೆ ಅದು ಯಾರ ಊಟದ ಶೇಷವೂ ಅಲ್ಲ, ನಾಳೆಗೆಂದು ಇಟ್ಟದ್ದು. ದಾಮಾಜಿ ಕೊಟ್ಟದ್ದು ಅದನ್ನು. ಸುಲ್ತಾನನಿಗೂ ಹಸಿದವನಿಗೂ ಅದೇ ಕಾಳು, ಅದೇ ಕಣಜ. ಈ ಮಾತು ಹೊಳೆದದ್ದೂ ಆ ಕಟ್ಟೆಯ ಮೇಲೆಯೇ. ಇನ್ನೊಂದು ಹೋಲಿಕೆಯನ್ನೂ ಹೇಳಬೇಕು. ಬಸವಣ್ಣನವರ ಪುರಾಣಗಳಲ್ಲಿಯೂ ಇಂಥದೇ ಪ್ರಸಂಗವಿದೆ. ಅರಸನ ಭಂಡಾರವನ್ನು ಜಂಗಮರ ದಾಸೋಹಕ್ಕೆ ಬರಿದು ಮಾಡುತ್ತಿದ್ದಾರೆಂದು ಚಾಡಿ ಹೇಳಿದವರ ಮಾತು ಕೇಳಿ ಬಿಜ್ಜಳನು ಲೆಕ್ಕ ನೋಡಿಸಿದಾಗ ಒಂದು ಕಾಸೂ ಕಡಿಮೆಯಿರಲಿಲ್ಲ. ಎರಡೂ ಕಥೆಗಳ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಹೇಗೆ ಸರಿಹೋಯಿತೆಂಬುದು ಭಕ್ತಿಯ ವಿಷಯ. ಆದರೆ ಈ ಕಥೆ ಕಟ್ಟಿದ ಜನರಿಗೆ ಲೆಕ್ಕ ಸರಿಹೋಗಲೇಬೇಕಿತ್ತು. ಹಂಚಿದವನು ಕಳ್ಳನೆನಿಸಿಕೊಳ್ಳಬಾರದು, ಉಂಡವನು ಕದ್ದ ಕಾಳು ಉಂಡವನೆನಿಸಿಕೊಳ್ಳಬಾರದು. ಹಸಿದವನ ಮಾನವನ್ನು ನಮ್ಮ ಹಿರಿಯರು ಅಷ್ಟರಮಟ್ಟಿಗೆ ಕಾದರೆಂದು ಹೇಳಲು ಮನಸ್ಸಾಗುತ್ತದೆ.

ಆದರೆ ಪೂರ್ತಿ ಹಾಗೆ ಹೇಳಲಾಗದು. ಏಕೆಂದರೆ ಇದೇ ಊರಿನಲ್ಲಿ ಚೋಖಾಮೇಳನೂ ಇದ್ದ. ಮಹಾರ ಜಾತಿಯ ಈ ಸಂತಕವಿ ಇಲ್ಲಿಯ ಗೋಡೆಯ ಕೆಲಸಕ್ಕೆ ಹೋಗಿದ್ದಾಗ, 1338ರಲ್ಲಿ, ಗೋಡೆ ಕುಸಿದು ಕೂಲಿಯವರೊಂದಿಗೆ ಮಣ್ಣಿನಡಿ ಸತ್ತ. ಅವನ ಸಮಾಧಿ ಪಂಢರಪುರದಲ್ಲಿ, ಗುಡಿಯ ಮಹಾದ್ವಾರದ ಹೊರಗೆ ಇದೆ. ಬದುಕಿದ್ದಾಗ ಅವನಿಗೆ ಒಳಗೆ ಪ್ರವೇಶವಿರಲಿಲ್ಲ. ಅವನ ಅಭಂಗಗಳಲ್ಲಿ ಎಂಜಲಿನ ಮಾತು ಬರುತ್ತದೆ. ಹಸಿದು ಬಂದಿದ್ದೇನೆ, ನಿಮ್ಮ ಎಂಜಲಿಗಾಗಿ ಕಾದಿದ್ದೇನೆ ಎಂಬ ಧಾಟಿಯಲ್ಲಿ ಅವನು ವಿಠ್ಠಲನ ಮುಂದೆ ನಿಲ್ಲುತ್ತಾನೆ. ಭಕ್ತಿಗೆ ಅದು ವಿನಯವೆನಿಸಬಹುದು. ಆದರೆ ಆ ಮಾತು ಅವನಿಗೆ ಸಿಕ್ಕಿದ್ದು ಊರಿನ ಬಾಗಿಲುಗಳಲ್ಲಿ. ಊರವರು ಉಂಡ ಮೇಲೆ ಉಳಿದದ್ದು ಅವನ ಜನರಿಗೆ ಸಲ್ಲತಕ್ಕದ್ದೆಂಬುದು ಶತಮಾನಗಳ ಕಾಲ 'ಹಕ್ಕು' ಎಂಬ ಹೆಸರಿನಲ್ಲಿಯೇ ನಡೆದುಬಂದಿತ್ತು. 1927ರಲ್ಲಿ ಮಹಾಡದಲ್ಲಿ ಡಾ. ಅಂಬೇಡಕರರು ತಮ್ಮ ಜನರಿಗೆ ಹೇಳಿದ ಮಾತುಗಳಲ್ಲಿ ಇದೂ ಒಂದು: ಎಸೆದ ತುಣುಕುಗಳನ್ನು ತಿನ್ನುವುದಿಲ್ಲವೆಂದು ನಿಶ್ಚಯಿಸಿರಿ. ಹಸಿವಿದ್ದವರಿಗೇ ಅವರು ಆ ಮಾತು ಹೇಳಿದರೆಂಬುದನ್ನು ನೆನಪಿಡಬೇಕು.

ನಮ್ಮ ಕನ್ನಡ ಈ ವಿಷಯದಲ್ಲಿ ಎಚ್ಚರದ ನುಡಿ. ಮಿಕ್ಕದ್ದು ಬೇರೆ, ತಂಗಳು ಬೇರೆ, ಎಂಜಲು ಬೇರೆ, ಮುಸುರೆ ಬೇರೆ. ಡಬರಿಯಲ್ಲಿ ಉಳಿದದ್ದು ಮಿಕ್ಕದ್ದು. ರಾತ್ರಿ ಕಳೆದರೆ ಅದು ತಂಗಳು. ತಂಗಳ ರೊಟ್ಟಿಗೆ ಮೊಸರು ಸಿಕ್ಕರೆ ನಾನು ಇಂದಿಗೂ ಅರಸ. ತಾಟಿನಲ್ಲಿ ಕೈಯಾಡಿಸಿ ಬಿಟ್ಟದ್ದು ಎಂಜಲು. ತೊಳೆದ ನೀರಿನೊಂದಿಗೆ ದನದ ಬಾನಿಗೆ ಹೋಗುವುದು ಮುಸುರೆ. ಮೊಮ್ಮಗಳ ವಾಕ್ಯದಲ್ಲಿ 'ಉಂಡು ಉಳಿದ' ಎಂಬ ಎರಡೇ ಪದಗಳಲ್ಲಿ ಈ ಬೇಲಿಗಳೆಲ್ಲ ಮುರಿದುಬಿದ್ದಿದ್ದವು. ಅವಳ ತಪ್ಪಲ್ಲ. ಭಾಷಣಗಳಲ್ಲಿ ನಾವು ದೊಡ್ಡವರು ಹೇಳುವುದೂ ಹೀಗೆಯೇ.

ಈಗ ನನ್ನ ಮಾತು.

1972ರ ಬರಗಾಲದಲ್ಲಿ ನನಗೆ ಹನ್ನೆರಡು ವರ್ಷ. ಹೊಲ ಬೂದಿಯಾಗಿತ್ತು, ದನಗಳನ್ನು ಬಿಟ್ಟುಕೊಟ್ಟಾಗಿತ್ತು. ಅವ್ವನ ಜೊತೆ ನಾನೂ ರಸ್ತೆಯ ಕಾಮಗಾರಿಗೆ ಖಡಿ ಒಡೆಯಲು ಹೋಗುತ್ತಿದ್ದೆ. ಆ ಕಾಮಗಾರಿಗಳೇ ಮುಂದೆ ಬೆಳೆದು ಮಹಾರಾಷ್ಟ್ರದ 1977ರ ರೋಜಗಾರ ಹಮಿ ಕಾಯ್ದೆಯಾದವು. ಅಂದು ನಮಗೆ ಗೊತ್ತಿದ್ದುದು ಎರಡೇ: ಪರದೇಶದಿಂದ ಬಂದ ಕೆಂಪು ಮಿಲೋ ಜೋಳ, ಮತ್ತು ಮಧ್ಯಾಹ್ನ ಹಂಚುವ ಸುಕಡಿ ಎಂಬ ಸಿಹಿಯಾದ ಒಣ ಹಿಟ್ಟು. ಸುಕಡಿಯ ರುಚಿ ಚೆನ್ನಾಗಿಯೇ ಇತ್ತು. ಹಂಚುವ ಮನುಷ್ಯ ಮಾತ್ರ ಸಾಲಿನಲ್ಲಿ ನಿಂತವರ ಮುಖ ನೋಡುತ್ತಿರಲಿಲ್ಲ. ಮೇಲಿನಿಂದ ಸುರಿಯುತ್ತಿದ್ದ, ಬೊಗಸೆಯ ಹೊರಗೆ ಬಿದ್ದದ್ದನ್ನು ನಾವು ಮಣ್ಣಿನಿಂದ ಹೆಕ್ಕುತ್ತಿದ್ದೆವು. ಒಂದು ದಿನ ಅವ್ವ ಸೆರಗು ಒಡ್ಡದೆ ಸಾಲಿನಿಂದ ಹೊರಬಂದಳು. ಆ ರಾತ್ರಿ ನಾವು ಏನು ಉಂಡೆವೋ ನೆನಪಿಲ್ಲ. ಅವಳ ಬೆನ್ನು ನೆನಪಿದೆ.

ಇಷ್ಟನ್ನು ಕಂಡವನು, ಹದಿನಾಲ್ಕು ವರ್ಷಗಳ ಹಿಂದೆ, ಮಗಳ ಮದುವೆಯಲ್ಲಿ ಏನು ಮಾಡಿದೆನೆಂಬುದನ್ನು ಹೇಳದೆ ಈ ಲೇಖನ ಬರೆಯುವಂತಿಲ್ಲ.

ಫೆಬ್ರುವರಿ ಕೊನೆಯ ವಾರ. ಮಂಗಲ ಕಾರ್ಯಾಲಯದಲ್ಲಿ ಎಂಟುನೂರು ಜನರ ಅಂದಾಜಿಗೆ ಅಡಿಗೆ. ಅದೇ ಮುಹೂರ್ತಕ್ಕೆ ಸುತ್ತಿನಲ್ಲಿ ಇನ್ನೂ ನಾಲ್ಕಾರು ಮದುವೆಗಳಿದ್ದುದರಿಂದ ಬಂದವರು ಐನೂರು. ಗೋಧಿ ಹುಗ್ಗಿ, ಬುಂದಿ, ಬದನೆಕಾಯಿ ಪಲ್ಯ, ಮಸಾಲೆ ಅನ್ನ, ಸಾರು. ಬೀಗರ ಮುಂದೆ ಕಡಿಮೆಯಾಗಬಾರದೆಂಬ ಭಯ. ಮೇಲಾಗಿ ನಮ್ಮ ಕಡೆಯ ಒತ್ತಾಯದ ಬಡಿಸುವಿಕೆ ನಿಮಗೆ ತಿಳಿದದ್ದೇ. ಬೇಡವೆಂದು ತಾಟಿನ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಹುಗ್ಗಿ ಸುರಿದರೆ ಅದು ಆದರ! ಎಂಜಲಿನ ಬುಟ್ಟಿಗಳು ತುಂಬಿ ತುಳುಕಿದವು. ಅದಲ್ಲದೆ ಡಬರಿಗಳಲ್ಲಿಯೇ ಸುಮಾರು ಇನ್ನೂರು ಜನರ ಅಡಿಗೆ ಮಿಕ್ಕಿತ್ತು. ಮಧ್ಯಾಹ್ನ ಮೂರಕ್ಕೆ ಊಟ ಮುಗಿಯಿತು. ಹೆಣ್ಣು ಒಪ್ಪಿಸುವುದು, ಅಳು, ಬೀಗರ ಗಾಡಿ, ಕಾರ್ಯಾಲಯದ ಲೆಕ್ಕ ಎಲ್ಲ ಮುಗಿದು ಯಾರಿಗೋ ಅಡಿಗೆಯ ನೆನಪಾದಾಗ ರಾತ್ರಿ ಒಂಬತ್ತು. ಮುಚ್ಚಿದ ಡಬರಿಗಳು ಅಲ್ಲಿಯವರೆಗೂ ಪತ್ರಾಸಿನ ಶೆಡ್ಡಿನಲ್ಲಿದ್ದವು.

"ಕಬ್ಬ ಕಡ್ಯಾವ್ರ ಟೋಳಿ ಐತಲ್ರಿ, ಅವರಿಗಿ ಕೊಟ್ರ ಪುಣ್ಯ ಬರತೈತಿ" ಎಂದರು. ಟ್ರಾಕ್ಟರಿನಲ್ಲಿ ಹೇರಿಕೊಂಡು ಹೋದೆವು. ಪುಣ್ಯದ ಉಮೇದಿನಲ್ಲಿ ನಾನೇ ಮುಂದೆ ಕುಳಿತಿದ್ದೆ.

ಮರಾಠವಾಡೆಯ ಕಡೆಯಿಂದ ಬಂದ ಕುಟುಂಬಗಳವು. ಹೊಲದ ಬದಿಗೆ ಕಬ್ಬಿನ ಸೋಗೆಯ ಗುಡಿಸಲುಗಳು. ಎಲ್ಲರೂ ಭಾಕರಿ ಉಂಡು ಮಲಗಿದ್ದರು. ನಸುಕಿನಲ್ಲಿ ಎದ್ದು ಗಾಡಿ ಹೇರಬೇಕು. ನಾವು ಕೂಗಿ ಎಬ್ಬಿಸಿದೆವು. ಮಕ್ಕಳು ಕಣ್ಣುಜ್ಜುತ್ತ ತಾಟು ಹಿಡಿದು ಬಂದವು. ಮುದುಕಿಯೊಬ್ಬಳು ಅವುಗಳನ್ನು ಹಿಂದೆ ಸರಿಸಿ, ಮುಚ್ಚಳ ತೆಗೆದು, ಮಸಾಲೆ ಅನ್ನದೊಳಗೆ ಕೈಯಿಟ್ಟು ಮೂಗಿಗೆ ಹಿಡಿದಳು. ನನ್ನನ್ನೇ ನೋಡಿ ಮರಾಠಿಯಲ್ಲಿ ಕೇಳಿದಳು: "ಅಣ್ಣಾ, ಇದನ್ನು ಈಗ ನೀವು ಉಣ್ಣುತ್ತೀರಾ?"

ನಾನೂ ಮೂಗಿಗೆ ಹಿಡಿದೆ. ಅನ್ನ ಹುಳಿತಿತ್ತು.

ಎತ್ತುಗಳಿಗಾದರೂ ಹಾಕಿರೆಂದು ನಮ್ಮಲ್ಲಿ ಒಬ್ಬ ಹೇಳಿದ. ಅದಕ್ಕೂ ಅವಳೇ ಉತ್ತರ ಕೊಟ್ಟಳು. ಇಷ್ಟು ಅನ್ನ ತಿಂದರೆ ಎತ್ತಿನ ಹೊಟ್ಟೆ ಉಬ್ಬಿ ಬೆಳಗಾಗುವುದರೊಳಗೆ ಬಿದ್ದುಹೋಗುತ್ತದೆ, ಆಮೇಲೆ ನಮ್ಮ ಸೀಜನ್ನೇ ಹೋಯಿತು ಎಂದಳು. ಸಿಟ್ಟಿನಿಂದಲ್ಲ, ತಿಳಿಯದವನಿಗೆ ತಿಳಿಹೇಳುವಂತೆ. ದನ ಕಟ್ಟಿದ ಮನೆಯಲ್ಲಿ ಹುಟ್ಟಿದ ನನಗೆ ಅದು ಗೊತ್ತಿರಬೇಕಿತ್ತು. ಹಿಂದಿರುಗಿ ಬಂದು ಹೊಲದಲ್ಲಿ ತಗ್ಗು ತೋಡಿ ಎಲ್ಲವನ್ನೂ ಮುಚ್ಚಿದೆವು. ಮೇಲಿನಿಂದ ಸುಕಡಿ ಸುರಿದವನ ಮುಖ ನನಗೆ ಎಷ್ಟೋ ವರ್ಷಗಳಿಂದ ಮಸುಕಾಗಿತ್ತು. ಆ ರಾತ್ರಿ ಅದು ನನ್ನ ಮುಖದಂತೆಯೇ ಕಂಡಿತು.

ಆಮೇಲೆ ಈ ವಿಷಯವನ್ನು ಓದಿದೆ, ಕೇಳಿದೆ, ಬಲ್ಲ ಅಡಿಗೆಯವರೊಡನೆ ಮಾತನಾಡಿದೆ. ಬೇಯಿಸಿದ ಆಹಾರ ಒಂದೋ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಣ್ಣಗಿರಬೇಕು. ನಡುವಿನ ಉಗುರುಬೆಚ್ಚಗಿನ ಹೊತ್ತಿನಲ್ಲಿಯೇ ರೋಗಾಣುಗಳು ಹೆಚ್ಚುವುದು. ಮುಚ್ಚಿದ ದೊಡ್ಡ ಡಬರಿಯ ನಡುಭಾಗ ಗಂಟೆಗಟ್ಟಲೆ ಅದೇ ಉಗುರುಬೆಚ್ಚಗೆ ಉಳಿಯುತ್ತದೆ. ನಮ್ಮ ಶೆಡ್ಡಿನಲ್ಲಿ ಆರು ಗಂಟೆಗಳ ಕಾಲ ಆದದ್ದು ಅದೇ. ಮಿಕ್ಕ ಆಹಾರವನ್ನು ಸಂಗ್ರಹಿಸಿ ಹಂಚುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಮಾಡಿದೆ. ಅವುಗಳ ಸಾರವನ್ನು ಆ ಮುದುಕಿ ಒಂದೇ ಪ್ರಶ್ನೆಯಲ್ಲಿ ಕೇಳಿದ್ದಳು.

ಮದುವೆಗಳನ್ನಷ್ಟೇ ದೂರಿದರೆ ನಮ್ಮ ಅಡಿಗೆಮನೆಗಳು ಪಾರಾಗಿಬಿಡುತ್ತವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂದು ಅದೇ ವರದಿ ಅಂದಾಜಿಸಿದೆ. ಸಿಪ್ಪೆ, ಎಲುಬುಗಳಂಥ ತಿನ್ನಲಾಗದ ಭಾಗವೂ ಅದರಲ್ಲಿ ಸೇರಿದೆಯೆನ್ನಿ. ಆದರೂ ಐದು ಜನರ ಮನೆಗೆ ಎರಡೂಮುಕ್ಕಾಲು ಕ್ವಿಂಟಲ್! ಜೋಳದ ಚೀಲ ಹೊತ್ತವರಿಗೆ ಆ ಭಾರ ತಿಳಿಯುತ್ತದೆ.

ಎರಡು ವರ್ಷಗಳ ಹಿಂದೆ ತಮ್ಮನ ಮಗನ ಮದುವೆಯಾಯಿತು. ಆ ಸಲ ಹದಿನೈದು ದಿನ ಮೊದಲೇ ವಿದ್ಯಾರ್ಥಿ ವಸತಿಗೃಹವೊಂದಕ್ಕೆ ಹೋಗಿ, ಏನಾದರೂ ಮಿಕ್ಕರೆ ಬೇಕಾಗುವುದೋ ಎಂದು ಕೇಳಿದೆ. ಅಲ್ಲಿಯ ಮೇಲ್ವಿಚಾರಕರು ನಕ್ಕರು. "ಸರ್, ಲಗ್ನದ ಸೀಜನ್ನಿನ್ಯಾಗ ನಮ್ಮ ಹುಡುಗ್ರು ಬುಂದಿ ತಿಂದು ತಿಂದು ಬ್ಯಾಸತ್ತಾರ. ಆಷಾಢದಾಗ ಯಾರೂ ಹೊಳ್ಳಿ ನೋಡೂದಿಲ್ಲ. ಅಡಿಗಿಗಿಂತ ಉಳಿದ ಹಿಟ್ಟು, ಬ್ಯಾಳಿ, ಎಣ್ಣಿ ಕೊಡ್ರಿ. ಅಡಿಗಿ ಕೊಡೂದಿದ್ರ ಎರಡರೊಳಗ ಫೋನ್ ಮಾಡ್ರಿ, ನಾವು ಅವತ್ತ ರಾತ್ರಿ ಒಲಿ ಹಚ್ಚೂದಿಲ್ಲ" ಎಂದರು. ಕೊಡುವವನ ಅನುಕೂಲಕ್ಕೆ ಹಸಿವು ಬರುವುದಿಲ್ಲವೆಂಬ ಸರಳ ಮಾತು ಅರವತ್ತು ದಾಟಿದ ಮೇಲೆ ನನಗೆ ತಿಳಿಯಿತು.

ಮದುವೆಯ ದಿನ ಅಡಿಗೆಯವರಿಗೆ ಒಂದೇ ಕರಾರು: ಮೂರನೆಯ ಪಂಕ್ತಿ ಏಳುವಾಗಲೇ ಡಬರಿಗಳನ್ನು ನೋಡಿ, ಹೆಚ್ಚೆನಿಸಿದ್ದನ್ನು ಬಡಿಸುವ ಬಕೆಟ್ಟಿಗೆ ಹಾಕದೆ ಬೇರೆ ಪಾತ್ರೆಗಳಲ್ಲಿ ಬಿಸಿಬಿಸಿಯಾಗಿಯೇ ತೆಗೆದಿಡುವುದು. ಬೀಗರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ನಾವಿನ್ನೂ ಉಂಡಿಲ್ಲ, ಆಗಲೇ ಅನಾಥರಿಗೆ ತೆಗೆದಿಟ್ಟರೆಂದು ಮುನಿದರು. ನಮ್ಮ ಹಿರಿಯತ್ತೆ ಅವರನ್ನು ಸುಮ್ಮನಾಗಿಸಿದಳು. "ಎಳ್ಳಮಾಸಿ ದಿನ ಚರಗ ಚೆಲ್ಲಿ ಆಮ್ಯಾಲ ಉಣತೀರೋ, ಉಂಡು ಚೆಲ್ಲತೀರೋ?" ಎಂದಳು.

ಅತ್ತೆಯ ಮಾತನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ, ಪ್ರತಿ ವರ್ಷ ಮಾಡುತ್ತಲೇ ಬಂದಿದ್ದೆ. ಎಳ್ಳಮಾವಾಸ್ಯೆಗೆ ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿಯ ಪಲ್ಯ, ಅಂಬಲಿ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋದಾಗ ಮೊದಲ ಪಾಲು ಭೂಮಿಗೆ. ಹೊಲದ ಸುತ್ತ ತಿರುಗಿ ಚರಗ ಚೆಲ್ಲಿ ಬಂದ ಮೇಲೆಯೇ ಮನೆಯವರು, ಆಳುಗಳು, ದಾರಿಯಲ್ಲಿ ಹೋಗುವವರು ಎಲ್ಲರೂ ಒಂದೇ ಬನ್ನಿಗಿಡದ ಕೆಳಗೆ ಕುಳಿತು ಉಣ್ಣುವುದು. ಮಣ್ಣಿಗೂ ಹಕ್ಕಿಗೂ ಎಂಜಲು ಕೊಡುವುದಿಲ್ಲ ನಾವು.

ಅಕ್ಕಲಕೋಟೆಯ ಅನ್ನಛತ್ರದಲ್ಲಿಯೂ ಇದೇ ಸೂಕ್ಷ್ಮ ಕಾಣುತ್ತದೆ. 1988ರಿಂದ ನಡೆದುಬಂದಿರುವ ಅಲ್ಲಿಯ ಪಂಕ್ತಿಯಲ್ಲಿ ನಿತ್ಯ ಸಾವಿರಾರು ಜನ ಉಣ್ಣುತ್ತಾರೆ. ಪುಣೆಯಿಂದ ಕಾರಿನಲ್ಲಿ ಬಂದವನ ಪಕ್ಕದಲ್ಲಿ ಗುಡಿಯ ಮುಂದೆ ಭಿಕ್ಷೆಗೆ ಕೂರುವವನಿರುತ್ತಾನೆ. ಇಬ್ಬರಿಗೂ ಒಂದೇ ಸೌಟು. ಅಲ್ಲಿ ಉಂಡವನನ್ನು ಬಡವನೆಂದು ಯಾರೂ ಗುರುತಿಸಲಾರರು. ದಾಸೋಹವೆಂದು ನಾವು ಕರೆಯುವುದರ ಗುಣವೇ ಅದು. ಎಲ್ಲ ಊರಿಗೂ ಅಂಥ ಛತ್ರ ಸಾಧ್ಯವಿಲ್ಲ, ನಿಜ. ಆದರೆ ನಮ್ಮ ಖಡಕ್ ರೊಟ್ಟಿ ಎಲ್ಲ ಮನೆಗೂ ಸಾಧ್ಯ. ಜಾತ್ರೆಗಳ ದಾಸೋಹಕ್ಕೆ ಊರೂರಿನಿಂದ ರೊಟ್ಟಿಯ ಗಂಟುಗಳು ಹೋಗುವುದನ್ನು, 2019ರ ಮಹಾಪೂರದಲ್ಲಿ ಕೃಷ್ಣೆಯ ದಂಡೆಯ ಜನರಿಗೆ ಚೀಲಗಟ್ಟಲೆ ರೊಟ್ಟಿ ಹೋದದ್ದನ್ನು ಕಂಡಿದ್ದೇವೆ. ಹೆಂಚಿನ ಮೇಲೆ ನೀರಾರಿಸಿದ ರೊಟ್ಟಿ ವಾರಗಟ್ಟಲೆ ತಾಳುತ್ತದೆ. ಯಾರನ್ನೂ ನಡುರಾತ್ರಿ ಎಬ್ಬಿಸಬೇಕಾಗಿಲ್ಲ. ಬುಂದೇಲಖಂಡದ ಮಹೋಬಾದಲ್ಲಿ 2015ರಲ್ಲಿ ಆರಂಭವಾದ 'ರೋಟಿ ಬ್ಯಾಂಕ್' ಮನೆಗೆ ಎರಡರಂತೆ ಹೊಸ ರೊಟ್ಟಿಯನ್ನೇ ಕೇಳಿ ಪಡೆಯಿತೆಂದು ಓದಿದಾಗ, ನಮ್ಮ ಜಾತ್ರೆಯ ಪದ್ಧತಿಗೆ ಹೊಸ ಹೆಸರು ಬಂದಿತೆಂದುಕೊಂಡೆ.

ಮಂಗಳವೇಢೆಯಲ್ಲಿ ಮಧ್ಯಾಹ್ನವಾಗಿತ್ತು. ಪೇಟೆಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತೆವು. ಜೋಳದ ಭಾಕರಿ, ಝುಣಕಾ, ಹಸಿಮೆಣಸಿನಕಾಯಿಯ ಠೇಚಾ. ಬಡಿಸುವ ಹುಡುಗ ಎರಡನೆಯ ಭಾಕರಿ ತಂದಾಗ ಮೊಮ್ಮಗಳು ಅರ್ಧ ಮುರಿದು ಹಾಕೆಂದಳು. ಅವನು ಉಳಿದರ್ಧವನ್ನು ನನ್ನ ತಾಟಿಗೆ ಹಾಕಿ ನಕ್ಕು ಹೋದ. ಶಾಲೆಯಲ್ಲಿ ಬಿಸಿಯೂಟ ಬಡಿಸುವಾಗಲೂ ಅವರು 'ಅರ್ಧ' ಎಂದು ಹೇಳಬಹುದಂತೆ. ಮತ್ತೆ ಬೇಕಾದರೆ ಮತ್ತೆ ಎದ್ದು ಬರಬಹುದಂತೆ. ನನ್ನ ಸೇವೆಯ ದಿನಗಳಲ್ಲಿ ಪಟದ ಸಂಖ್ಯೆಗೆ ಖಿಚಡಿ ಬೇಯುತ್ತಿತ್ತು, ಬಂದ ಮಕ್ಕಳಿಗಲ್ಲ. ಶನಿವಾರದ ಸಂತೆಯ ದಿನ ಅರ್ಧ ಖಿಚಡಿ ಮಿಗುವುದನ್ನು ನೋಡಿಯೂ, ಬೆಳಗಿನ ಹಾಜರಿ ಮುಗಿದೊಡನೆ ಅಡಿಗೆಯ ಅಕ್ಕನಿಗೆ ತಲೆಯೆಣಿಕೆ ಕಳಿಸಬೇಕೆಂದು ನಮಗೆ ಹೊಳೆಯಲು ಎಷ್ಟೋ ವರ್ಷ ಹಿಡಿದವು.

ಮರಳುವ ಮುನ್ನ ಅಡತಿ ಅಂಗಡಿಯಲ್ಲಿ ಹತ್ತು ಕಿಲೋ ಮಾಲದಂಡಿ ಕೊಂಡೆ. ಹೋದ ವರ್ಷದ ಕಾಳು, ಮುತ್ತಿನಂತೆ ಬೆಳ್ಳಗೆ ದುಂಡಗಿತ್ತು. ಹೊಸದು ಬರಲು ಇನ್ನೂ ತಿಂಗಳ ಮೇಲಾಗಬೇಕೆಂದು ಅಂಗಡಿಯವರು ಹೇಳಿದರು. ತಕ್ಕಡಿಯಿಂದ ಜಾರಿ ಬಿದ್ದ ಹಿಡಿಯಷ್ಟು ಕಾಳನ್ನು ಅವರು ಗುಡಿಸಿ ಮೂಲೆಗೆ ಸರಿಸಿದರು. ಗುಬ್ಬಿಗಳಿಗೆ ಅಂಗಡಿಯ ಆ ಮೂಲೆ ಮೊದಲೇ ಗೊತ್ತಿತ್ತು.

ಬಸ್ಸಿನಲ್ಲಿ ಮೊಮ್ಮಗಳು ವಹಿ ತೆರೆದು ಮೊದಲ ವಾಕ್ಯದ 'ಉಂಡು ಉಳಿದ' ಎಂಬ ಪದಗಳನ್ನು ಅಳಿಸಿದಳು. ಅಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮುದುಕಿಯ ವಿಷಯವನ್ನು ಮಾತ್ರ ಮತ್ತೊಮ್ಮೆ ಕೇಳಿದಳು. "ಅಜ್ಜಾ, ಆಮ್ಯಾಲ ಆಕಿನ್ನ ಭೆಟ್ಟಿ ಆಗಿದ್ದೀ?" ಎಂದಳು. ಮರುದಿನ ಸಂಜೆ ಇಪ್ಪತ್ತು ಕಿಲೋ ಜೋಳ ಹಿಡಿದುಕೊಂಡು ಹೋಗಿದ್ದೆನೆಂದು ಹೇಳಿದೆ. ಟೋಳಿ ಮುಂದಿನ ಊರಿಗೆ ಹೋಗಿಬಿಟ್ಟಿತ್ತು. ಗುಡಿಸಲುಗಳಿದ್ದ ಜಾಗದಲ್ಲಿ ಮೂರು ಕಲ್ಲಿನ ಒಲೆಗಳಷ್ಟೇ ಇದ್ದವು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನನ್ನಾಕೆ ಕೊಣವಿಗೆಯಲ್ಲಿ ಹಿಟ್ಟು ಹಾಕಿಕೊಂಡು ಕುಳಿತಿದ್ದಳು. ಇನ್ನೂ ನೀರು ಹಾಕಿರಲಿಲ್ಲ. ನಮ್ಮನ್ನು ನೋಡಿದವಳೇ, "ದಾರ್ಯಾಗ ಏನರ ತಿಂದಿರೋ ಹೆಂಗ? ಯಾರ‍್ಯಾರಿಗಿ ಎಷ್ಟೆಷ್ಟು ರೊಟ್ಟಿ ಹೇಳ್ರಿ ಮೊದಲ" ಎಂದಳು.